ಹಿಟ್ ಅಂಡ್ ರನ್ ಕೇಸು: ಹತ್ತು ವರ್ಷದ ಜೈಲು ಎಲ್ಲಿದೆ, ಮೊದಲ 24 ಗಂಟೆಯಲ್ಲಿ ಏನಿದೆ

ಸಿರಾ ಕಡೆಯ ಹೆದ್ದಾರಿಯಲ್ಲಿ ಬೈಕಿಗೆ ಗುದ್ದಿದ ಕಾರು ನಿಲ್ಲದೆ ಹೋಯಿತು ಎಂಬ ಸುದ್ದಿ ಒಂದು ದಿನ ಬರುತ್ತದೆ. ಎರಡು ದಿನ ಬಿಟ್ಟು ‘ಕಾರು ಪತ್ತೆ, ಚಾಲಕ ವಶಕ್ಕೆ’ ಎಂದು ಬರುತ್ತದೆ. ಮೂರನೆಯ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ, ಬಾಯಿಂದ ಬಾಯಿಗೆ ಹರಡುತ್ತದೆ: ಅವನು ಸ್ಟೇಷನ್ ಬೇಲ್ ಮೇಲೆ ಅವತ್ತೇ ಮನೆಗೆ ಬಂದನಂತೆ. ಇತ್ತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಹೊಸ ಕಾನೂನಿನಲ್ಲಿ ಹತ್ತು ವರ್ಷ ಜೈಲು, ಏಳು ಲಕ್ಷ ದಂಡ’ ಎಂಬ ಹಳೆಯ ಸಂದೇಶ ಈಗಲೂ ತಿರುಗುತ್ತಿದೆ. ಎರಡನ್ನೂ ಕೇಳಿದವರು ಪೊಲೀಸರು ದುಡ್ಡು ತಿಂದು ಬಿಟ್ಟಿರಬೇಕು ಎಂದುಕೊಳ್ಳುತ್ತಾರೆ. ತುಮಕೂರು ಜಿಲ್ಲೆಯಲ್ಲಿ ಬೆಂಗಳೂರು ಕಡೆಯಿಂದ ಸಿರಾ ದಾಟುವವರೆಗೂ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಹಾಗಾಗಿ ಈ ಗೊಂದಲ ಬರೀ ಹರಟೆಯ ವಿಷಯವಲ್ಲ. ಗುದ್ದಿದವರ ಮನೆಗೂ ಗುದ್ದಿಸಿಕೊಂಡವರ ಮನೆಗೂ ಕಾನೂನು ನಿಜವಾಗಿ ಏನು ಹೇಳುತ್ತದೆ ಎಂಬುದು ಗೊತ್ತಿರಬೇಕು.

ಅಮಾನತಿನಲ್ಲಿರುವ ಕಲಂ

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂತು. ಅದರ 106ನೇ ಕಲಮಿನಲ್ಲಿ ಎರಡು ಉಪಕಲಂಗಳಿವೆ. ಮೊದಲನೆಯದು ನಿರ್ಲಕ್ಷ್ಯದಿಂದ ಸಾವು ಉಂಟುಮಾಡುವುದು. ಗರಿಷ್ಠ ಐದು ವರ್ಷ ಜೈಲು ಮತ್ತು ದಂಡ. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಅಡಿ ಇದಕ್ಕೆ ಎರಡೇ ವರ್ಷವಿತ್ತು. ಎರಡನೆಯದು ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿ, ಘಟನೆಯಾದ ಕೂಡಲೇ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪರಾರಿಯಾಗುವುದು. ಇದಕ್ಕೆ ಹತ್ತು ವರ್ಷದವರೆಗೆ ಜೈಲು ಮತ್ತು ದಂಡ. ದಂಡದ ಮೊತ್ತವನ್ನು ಕಲಂ ಹೇಳುವುದಿಲ್ಲ. ಏಳು ಲಕ್ಷದ ಮಾತು ಬರೀ ಗಾಳಿಸುದ್ದಿ.

ಈ ಎರಡನೇ ಉಪಕಲಮಿನ ವಿರುದ್ಧವೇ 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಗಾಡಿ ನಿಲ್ಲಿಸಿದ್ದು. ಜನವರಿ 2ರಂದು ಕೇಂದ್ರ ಗೃಹ ಕಾರ್ಯದರ್ಶಿ ಅಖಿಲ ಭಾರತ ಮೋಟಾರು ಸಾರಿಗೆ ಕಾಂಗ್ರೆಸ್ ಜತೆ ಮಾತುಕತೆ ನಡೆಸಿ, ಸಂಘದ ಜತೆ ಚರ್ಚಿಸದೆ ಅದನ್ನು ಜಾರಿ ಮಾಡುವುದಿಲ್ಲ ಎಂದರು. ಫೆಬ್ರುವರಿ 23ರ ಅಧಿಸೂಚನೆ ಬಂದಾಗ ಇಡೀ ಸಂಹಿತೆಗೆ ಜುಲೈ 1 ಎಂಬ ದಿನಾಂಕ ಸಿಕ್ಕಿತು, 106(2)ಕ್ಕೆ ಮಾತ್ರ ಸಿಗಲಿಲ್ಲ. ಬೇರೆ ಅಧಿಸೂಚನೆ ಹೊರಡುವವರೆಗೆ ಅದು ಪುಸ್ತಕದಲ್ಲಿದೆ, ಠಾಣೆಯಲ್ಲಿಲ್ಲ. ಆ ಕಲಮಿನಡಿ ಎಫ್‌ಐಆರ್ ಹಾಕಲು ಯಾವ ಠಾಣೆಗೂ ಬರುವುದಿಲ್ಲ.

ಹಾಗಾದರೆ ಈಗ ಹಾಕುವುದು ಏನನ್ನು? ಸಾಮಾನ್ಯವಾಗಿ ನಾಲ್ಕು ಕಲಂಗಳ ಗಂಟು. ಸಾರ್ವಜನಿಕ ರಸ್ತೆಯಲ್ಲಿ ಅಜಾಗರೂಕ ಚಾಲನೆಗೆ ನ್ಯಾಯ ಸಂಹಿತೆಯ 281 (ಆರು ತಿಂಗಳು ಅಥವಾ ಸಾವಿರ ರೂಪಾಯಿ ದಂಡ ಅಥವಾ ಎರಡೂ), ಗಾಯಕ್ಕೆ 125(ಎ), ತೀವ್ರ ಗಾಯಕ್ಕೆ ಮೂರು ವರ್ಷದವರೆಗಿನ 125(ಬಿ), ಸಾವಾಗಿದ್ದರೆ 106(1). ಇವುಗಳ ಜತೆಗೆ ಮೋಟಾರು ವಾಹನ ಕಾಯ್ದೆಯ 134 ಸಹಿತ 187. ನಿಲ್ಲದೆ ಹೋದದ್ದಕ್ಕೆ ಸಂಬಂಧಿಸಿದ್ದು ಈ ಕೊನೆಯದು ಮಾತ್ರ. ಅದರ ಶಿಕ್ಷೆ 2019ರ ತಿದ್ದುಪಡಿಯ ನಂತರವೂ ಮೊದಲ ಸಲಕ್ಕೆ ಆರು ತಿಂಗಳು, ಅಥವಾ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ.

ಇವೆಲ್ಲವೂ ಜಾಮೀನು ಪಡೆಯಬಹುದಾದ ಅಪರಾಧಗಳು. ಅಂದರೆ ಜಾಮೀನು ಠಾಣಾಧಿಕಾರಿಯ ಕೃಪೆಯಲ್ಲ, ಆರೋಪಿಯ ಹಕ್ಕು. ಶೂರಿಟಿ ಕೊಟ್ಟರೆ ಬಿಡಲೇಬೇಕು. ‘ಅವತ್ತೇ ಮನೆಗೆ ಬಂದ’ ಎಂಬುದರ ಗುಟ್ಟು ಇಷ್ಟೇ. ಇದು ತಿಳಿಯದೆ ಎಷ್ಟೋ ಮನೆಯವರು ಗಾಬರಿಯಿಂದ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮುಂಚೆಯೇ ಪಡೆಯುವ ಜಾಮೀನಿಗೆ, ಖರ್ಚು ಮಾಡುತ್ತಾರೆ. ಎಫ್‌ಐಆರ್‌ನಲ್ಲಿ ಇರುವ ಕಲಂಗಳು ಇವಿಷ್ಟೇ ಆಗಿದ್ದರೆ ಆ ಅರ್ಜಿಯ ಅಗತ್ಯವೇ ಬೀಳುವುದಿಲ್ಲ. ಕುಡಿದು ಓಡಿಸಿದ ಅಥವಾ ರೇಸ್ ನಡೆಸಿದ ಪ್ರಕರಣಗಳಲ್ಲಿ ಪೊಲೀಸರು 105, ಅಂದರೆ ಕೊಲೆಯಲ್ಲದ ಮಾನವ ಹತ್ಯೆಯ ಕಲಂ ಸೇರಿಸಿದ್ದರೆ ಕಥೆ ಬೇರೆ. ಅದು ಜಾಮೀನುರಹಿತ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಆದ್ದರಿಂದ ವಕೀಲರ ಹತ್ತಿರ ಹೋಗುವ ಮುಂಚೆ ಎಫ್‌ಐಆರ್ ಪ್ರತಿ ಕೈಯಲ್ಲಿರಬೇಕು, ಮೊದಲು ನೋಡಬೇಕಾದ್ದು ಕಲಂಗಳ ಸಾಲು. ಅಪಘಾತದ ದಿನಾಂಕವನ್ನೂ ನೋಡಬೇಕು: 2024ರ ಜುಲೈ 1ಕ್ಕೆ ಮುಂಚೆ ಆದ ಘಟನೆಗೆ ವಿಚಾರಣೆ ಯಾವಾಗಲೇ ನಡೆಯಲಿ, ಹಳೆಯ 304ಎ ಅನ್ವಯಿಸುತ್ತದೆ, ಎರಡು ವರ್ಷವೇ ಗರಿಷ್ಠ.

ಸ್ಥಳ ಬಿಟ್ಟು ಹೋಗಬಹುದೇ?

ಮೋಟಾರು ವಾಹನ ಕಾಯ್ದೆಯ 134ನೇ ಕಲಮನ್ನು ನಿಧಾನವಾಗಿ ಓದಿದವರು ಕಡಿಮೆ. ಅದು ಚಾಲಕನಿಗೆ ಮೂರು ಕೆಲಸ ಹೇಳುತ್ತದೆ. ಗಾಯಾಳುವನ್ನು ಹತ್ತಿರದ ವೈದ್ಯರ ಬಳಿಗೋ ಆಸ್ಪತ್ರೆಗೋ ತಲುಪಿಸಲು ಸಾಧ್ಯವಿರುವ ಎಲ್ಲ ಕ್ರಮ ಕೈಗೊಳ್ಳಬೇಕು. ಎರಡನೆಯದಾಗಿ, ಪೊಲೀಸರು ಕೇಳಿದ ಮಾಹಿತಿ ಕೊಡಬೇಕು; ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ, ವರದಿ ಮಾಡಬೇಕು. ಮೂರನೆಯದಾಗಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಬೇಕು. ಮೊದಲ ಕೆಲಸಕ್ಕೆ ಕಾನೂನೇ ಒಂದು ವಿನಾಯಿತಿ ಕೊಟ್ಟಿದೆ: ಜನರ ಆಕ್ರೋಶದಿಂದ ಅಥವಾ ತನ್ನ ಕೈಮೀರಿದ ಬೇರೆ ಕಾರಣದಿಂದ ಅದು ಸಾಧ್ಯವಾಗದಿದ್ದರೆ.

ಅಂದರೆ ಗುಂಪು ಸೇರಿ ಕಲ್ಲು ಎತ್ತಿಕೊಂಡಾಗ ಚಾಲಕ ಪ್ರಾಣ ಉಳಿಸಿಕೊಳ್ಳಲು ಅಲ್ಲಿಂದ ಹೊರಟರೆ ಅದೊಂದೇ ಅಪರಾಧವಾಗುವುದಿಲ್ಲ. ಆದರೆ ಈ ವಿನಾಯಿತಿ ಎರಡನೇ ಕೆಲಸಕ್ಕೆ ಹರಿಯುವುದಿಲ್ಲ. ಜನ ಹೊಡೆಯುತ್ತಾರೆಂದು ಓಡಿದವನು ಹತ್ತು ಕಿಲೋಮೀಟರ್ ಮುಂದಿನ ಠಾಣೆಯಲ್ಲಿ ನಿಲ್ಲದೆ ನೇರ ಮನೆಗೆ ಹೋದರೆ ‘ಜನರ ಭಯ’ ಎಂಬ ವಾದ ಅಲ್ಲಿಗೆ ಮುಗಿಯಿತು. ಈ ವಾದ ಗೆಲ್ಲುವುದೂ ಸೋಲುವುದೂ ಮುಂದಿನ ಒಂದೆರಡು ಗಂಟೆಯಲ್ಲಿ ಚಾಲಕ ಮಾಡಿದ ಕೆಲಸದ ಮೇಲೆ.

ಆ ಹೊತ್ತಿನಲ್ಲಿ ಮಾಡಬೇಕಾದ್ದು ಸರಳ. 108ಕ್ಕೂ 112ಕ್ಕೂ ತನ್ನ ಫೋನಿನಿಂದಲೇ ಕರೆ ಮಾಡಬೇಕು. ಯಾರದೋ ಫೋನಿನಿಂದ ಮಾಡಿದ ಕರೆ ತನ್ನದೆಂದು ಆಮೇಲೆ ತೋರಿಸುವುದು ಕಷ್ಟ. ಹೆದ್ದಾರಿಯಾದರೆ 1033 ಕೂಡ ಇದೆ. ಕ್ಯಾತ್ಸಂದ್ರದ ಹತ್ತಿರ ಆದ ಅಪಘಾತಕ್ಕೆ ಕ್ಯಾತ್ಸಂದ್ರ ಠಾಣೆಗೇ ಹೋಗಬೇಕೆಂದಿಲ್ಲ, ದಾರಿಯಲ್ಲಿ ಸಿಕ್ಕ ಮೊದಲ ಠಾಣೆಯಲ್ಲಿ ಲಿಖಿತ ವರದಿ ಕೊಟ್ಟು ಹಿಂಬರಹ ಪಡೆಯಬೇಕು. ಸರಹದ್ದಿನ ನೆಪ ಹೇಳಿ ಮಾಹಿತಿ ತೆಗೆದುಕೊಳ್ಳದಿರಲು ಬರುವುದಿಲ್ಲ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳಿದೆ, ವಿದ್ಯುನ್ಮಾನ ರೂಪದಲ್ಲಿ ಕಳಿಸಿ ಮೂರು ದಿನದೊಳಗೆ ಸಹಿ ಹಾಕುವುದಕ್ಕೂ ಅವಕಾಶ ಕೊಟ್ಟಿದೆ. ಹಿಂಬರಹ ಕೊಡದಿದ್ದರೆ ಅದೇ ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಬೇಕು.

ವರದಿಯಲ್ಲಿ ಏನಿರಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ವಾಹನದ ನಂಬರು, ಚಾಲಕನ ಹೆಸರು, ಡಿಎಲ್ ವಿವರ, ಸಮಯ, ಜಾಗ, ಯಾವ ದಿಕ್ಕಿಗೆ ಹೋಗುತ್ತಿದ್ದದ್ದು, ಯಾರಿಗೆ ಪೆಟ್ಟಾಯಿತು, ಯಾವ ನಂಬರಿಗೆ ಎಷ್ಟು ಗಂಟೆಗೆ ಕರೆ ಮಾಡಿದ್ದು, ಸ್ಥಳ ಬಿಟ್ಟ ಕಾರಣ, ಗಾಡಿ ಈಗ ಎಲ್ಲಿದೆ. ಇಷ್ಟು ಸಾಕು. ‘ಸ್ವಲ್ಪ ಸ್ಪೀಡಲ್ಲಿದ್ದೆ’, ‘ನನ್ನದೇ ತಪ್ಪು’, ‘ಕಣ್ಣು ಎಳೆಯುತ್ತಿತ್ತು’ ಎಂಬ ಮಾತುಗಳು ವರದಿಯ ಭಾಗವಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಡಿ ಆರೋಪಿಯ ವಿರುದ್ಧ ನಿಲ್ಲುವುದಿಲ್ಲ ನಿಜ. ಆದರೆ ‘ಗಾಡಿ ಓಡಿಸಿದ್ದು ನಾನು’ ಎಂಬಂಥ ಬಿಡಿ ಸಂಗತಿ ತಪ್ಪೊಪ್ಪಿಗೆಯ ಲೆಕ್ಕಕ್ಕೆ ಬರದೆ ಸಾಕ್ಷ್ಯವಾಗಿ ನಿಲ್ಲಬಹುದು. ಒಂದು ಕಡೆ 134 ಮಾಹಿತಿ ಕೊಡು ಎನ್ನುತ್ತದೆ, ಇನ್ನೊಂದು ಕಡೆ ಸುರಕ್ಷಾ ಸಂಹಿತೆಯ 180 ತನ್ನನ್ನೇ ಆರೋಪಕ್ಕೆ ಒಡ್ಡುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ ಎನ್ನುತ್ತದೆ. ಸಂಗತಿ ಹೇಳಿ ಅಭಿಪ್ರಾಯ ಬಿಡುವುದೇ ಎರಡಕ್ಕೂ ಹೊಂದುವ ದಾರಿ. ತನಿಖಾಧಿಕಾರಿ 180ರಡಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವ ಹಾಗಿಲ್ಲ ಎಂಬುದೂ ನೆನಪಿರಲಿ.

ಇನ್ನು ಗಾಡಿ. ಬಂಪರ್ ಬಿಚ್ಚಿಸುವುದು, ಹೆಡ್‌ಲೈಟ್ ಬದಲಿಸುವುದು, ಅಂತರಸನಹಳ್ಳಿಯ ಗ್ಯಾರೇಜಿಗೋ ಮತ್ತೆಲ್ಲಿಗೋ ರಾತ್ರೋರಾತ್ರಿ ಒಯ್ದು ಡೆಂಟ್ ತೆಗೆಸುವುದು ಬೇಡವೇ ಬೇಡ. ಸಾಕ್ಷ್ಯ ನಾಶಕ್ಕೆ ನ್ಯಾಯ ಸಂಹಿತೆಯ 238ನೇ ಕಲಂ ಸೇರಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ ಚಾಲಕನ ಪರ ಹೇಳಬಹುದಾಗಿದ್ದ ಗುರುತುಗಳೂ ಅಳಿಸಿಹೋಗುತ್ತವೆ: ಪೆಟ್ಟು ಮುಂದಿನ ಬಂಪರಿನ ಬಲಮೂಲೆಯಲ್ಲಿತ್ತೋ ಬದಿಯ ಬಾಗಿಲಿನಲ್ಲಿತ್ತೋ ಎಂಬುದರ ಮೇಲೆ ಇಡೀ ಕೇಸು ತಿರುಗಬಹುದು. ಜಪ್ತಿಯಾದ ಗಾಡಿಯನ್ನು ತಪಾಸಣೆಯ ಔಪಚಾರಿಕತೆ ಮುಗಿದ ಮೇಲೆ 24 ಗಂಟೆಯೊಳಗೆ ಹಿಂದಿರುಗಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 136ನೇ ಕಲಂ ಹೇಳುತ್ತದೆ. ತಡವಾದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವವರೆಗೆ ಗಾಡಿಯನ್ನು ತನ್ನ ವಶಕ್ಕೆ ಕೊಡುವಂತೆ, ಅರ್ಜಿ ಹಾಕಬಹುದು. ಆರ್‌ಸಿ, ಚಾಲ್ತಿಯ ವಿಮೆ, ಡಿಎಲ್, ಬಾಡಿಗೆ ಗಾಡಿಯಾದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮತ್ತು ಪರ್ಮಿಟ್ ಪ್ರತಿಗಳು ಬೇಕಾಗುತ್ತವೆ.

ಎರಡು ಕಡೆಯ ವಾದ

ಲಾರಿಯವರ ಮಾತು ಪೊಳ್ಳಲ್ಲ. ಹೆದ್ದಾರಿಯಲ್ಲಿ ದೊಡ್ಡ ಗಾಡಿಗೂ ಸಣ್ಣ ಗಾಡಿಗೂ ಡಿಕ್ಕಿಯಾದರೆ ತಪ್ಪು ಯಾರದೆಂದು ನೋಡುವ ಮುಂಚೆಯೇ ದೊಡ್ಡ ಗಾಡಿಯ ಚಾಲಕನ ಮೇಲೆ ಕೈ ಬೀಳುತ್ತದೆ. ಡಿವೈಡರ್ ಸೀಳಿನಲ್ಲಿ ಅಡ್ಡ ಬರುವ ಬೈಕು, ಸರ್ವಿಸ್ ರಸ್ತೆಯಿಂದ ಎದುರುಮುಖವಾಗಿ ನುಗ್ಗುವ ಆಟೊ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಶಿಫ್ಟ್ ಬಿಡುವ ಹೊತ್ತಿನಲ್ಲಿ ರಸ್ತೆ ದಾಟುವ ಕಾರ್ಮಿಕರು, ಇವೆಲ್ಲ ರಸ್ತೆಯ ವಿನ್ಯಾಸದ ಸಮಸ್ಯೆಗಳು. ಶಿಕ್ಷೆ ಮಾತ್ರ ಚಾಲಕನಿಗೆ. ನಿಂತರೆ ಏಟು, ಹೋದರೆ ಹತ್ತು ವರ್ಷ ಎಂಬುದು ಅವರ ಅಳಲು.

ಸತ್ತವರ ಕಡೆಯವರ ಮಾತೂ ಅಷ್ಟೇ ತೂಕದ್ದು. ತಲೆಗೆ ಪೆಟ್ಟು ಬಿದ್ದವರಿಗೆ ಮೊದಲ ಒಂದು ಗಂಟೆ ನಿರ್ಣಾಯಕ. ನಿಲ್ಲದೆ ಹೋದವನು ಆ ಗಂಟೆಯನ್ನು ಕಸಿದುಕೊಂಡು ಹೋಗುತ್ತಾನೆ. ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಇದೆ, ಆದರೆ ಯಾರಾದರೂ ಆಸ್ಪತ್ರೆಗೆ ಸೇರಿಸಿದರೆ ತಾನೆ ಅದು ಶುರುವಾಗುವುದು.

ಇವೆರಡರ ನಡುವೆ ಹೆಚ್ಚು ಚರ್ಚೆಯಾಗದ ಒಂದು ತೂತು ಇದೆ. ಕುಡಿದು ಗುದ್ದಿದವನು ಸ್ಥಳದಲ್ಲೇ ನಿಂತರೆ ರಕ್ತಪರೀಕ್ಷೆಯಾಗುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಬೀಳುತ್ತದೆ, ಅದರ ಬಲದ ಮೇಲೆ 105 ಕೂಡ ಬೀಳಬಹುದು. ಓಡಿಹೋಗಿ ಮರುದಿನ ಬೆಳಗ್ಗೆ ಸ್ನಾನ ಮಾಡಿ ಠಾಣೆಗೆ ಬಂದವನ ರಕ್ತದಲ್ಲಿ ಏನೂ ಸಿಗುವುದಿಲ್ಲ. ಪರೀಕ್ಷೆಗೆ ಒಪ್ಪದಿದ್ದರೆ ಅದನ್ನು ಅವನ ವಿರುದ್ಧ ಪರಿಗಣಿಸಲು ಮೋಟಾರು ವಾಹನ ಕಾಯ್ದೆಯ 205 ಅವಕಾಶ ಕೊಡುತ್ತದೆ, ಆದರೆ ಸಿಗದೇ ಇದ್ದವನಿಗೆ ಆ ಕಲಂ ತಟ್ಟುವುದಿಲ್ಲ. ಹೀಗೆ ಇಂದಿನ ಕಾನೂನಿನಲ್ಲಿ ಕುಡಿದವನಿಗೆ ನಿಲ್ಲುವುದಕ್ಕಿಂತ ಓಡುವುದೇ ಲಾಭ. 106(2) ಮುಚ್ಚಲು ಹೊರಟಿದ್ದು ಈ ತೂತನ್ನೇ. ಆದರೆ ಕುಡಿದವನಿಗೂ ಕಲ್ಲೇಟಿಗೆ ಹೆದರಿದವನಿಗೂ ಒಂದೇ ಅಳತೆ ಇಟ್ಟಿದ್ದರಿಂದ ಸಿಕ್ಕಿಬಿತ್ತು. ಜನರ ಆಕ್ರೋಶದ ವಿನಾಯಿತಿಯನ್ನು 134ರಿಂದ ಎತ್ತಿ ಅಲ್ಲಿ ಇಟ್ಟಿದ್ದರೆ ಅರ್ಧ ಜಗಳವೇ ಇರುತ್ತಿರಲಿಲ್ಲ.

ಕೋರ್ಟಿನಲ್ಲಿ ಏನು ಸಾಬೀತಾಗಬೇಕು

‘ಓಡಿಹೋದ, ಆದ್ದರಿಂದ ತಪ್ಪು ಅವನದೇ’ ಎಂದು ಜನ ತೀರ್ಮಾನಿಸುತ್ತಾರೆ. ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟು ಹಾಗೆ ತೀರ್ಮಾನಿಸುವಂತಿಲ್ಲ. ಪ್ರಾಸಿಕ್ಯೂಷನ್ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ, ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು: ಗುದ್ದಿದ್ದು ಇದೇ ಗಾಡಿ ಮತ್ತು ಓಡಿಸಿದ್ದು ಇವನೇ, ಓಡಿಸಿದ್ದು ಅಜಾಗರೂಕತೆಯಿಂದ ಮತ್ತು ಸಾವಿಗೆ ಅದೇ ನೇರ ಕಾರಣ, ಆಮೇಲೆ 134ರ ಕರ್ತವ್ಯ ಮಾಡಲಿಲ್ಲ. ಮೂರನೆಯದು ಸಾಬೀತಾಗಿ ಎರಡನೆಯದು ಆಗದಿದ್ದರೆ ಶಿಕ್ಷೆ 187ಕ್ಕೆ ಮಾತ್ರ. ಪ್ರತಿವಾದವನ್ನೂ ಹೀಗೆ ಮೂರು ಪಾಲು ಮಾಡಿಯೇ ಕಟ್ಟಬೇಕು. ಪಾಟೀಸವಾಲಿನಲ್ಲಿ ಒಮ್ಮೆ ‘ಅಲ್ಲಿ ಆ ಗಾಡಿಯೇ ಇರಲಿಲ್ಲ’ ಎಂದೂ ಇನ್ನೊಮ್ಮೆ ‘ಬೈಕಿನವನೇ ಅಡ್ಡ ಬಂದ’ ಎಂದೂ ಸೂಚಿಸಿದರೆ ಎರಡೂ ಬಿದ್ದುಹೋಗುತ್ತವೆ.

ಗುರುತಿನ ವಿಷಯ ಮೊದಲು. ಎಷ್ಟೋ ಎಫ್‌ಐಆರ್‌ಗಳು ‘ಅಪರಿಚಿತ ವಾಹನ’ ಎಂದೇ ಶುರುವಾಗುತ್ತವೆ. ಅಲ್ಲಿಂದ ಒಂದು ನಿರ್ದಿಷ್ಟ ಕಾರಿನವರೆಗೆ ಪೊಲೀಸರು ಹೇಗೆ ಬಂದರು ಎಂಬ ದಾರಿಯ ಪ್ರತಿ ಮೆಟ್ಟಿಲೂ ದಾಖಲೆಯಲ್ಲಿರಬೇಕು. ಬಂಕಿನ ಸಿಸಿ ಕ್ಯಾಮೆರಾ ದೃಶ್ಯವಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಎರಡು ಭಾಗಗಳಲ್ಲಿ, ಹ್ಯಾಷ್ ಮೌಲ್ಯದೊಂದಿಗೆ (ಕಡತ ತಿದ್ದಿಲ್ಲವೆಂದು ತೋರಿಸುವ ಸಂಕೇತ) ಇರಬೇಕು. ಒಂದಕ್ಕೆ ಸಾಧನ ನೋಡಿಕೊಳ್ಳುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಟೋಲ್‌ನ ಫಾಸ್ಟ್ಯಾಗ್ ದಾಖಲೆ ಗಾಡಿ ದಾಟಿದ್ದನ್ನು ಹೇಳುತ್ತದೆ, ಒಳಗೆ ಯಾರಿದ್ದರೆಂದು ಹೇಳುವುದಿಲ್ಲ. ಸ್ಥಳದಲ್ಲಿ ಸಿಕ್ಕ ಹೆಡ್‌ಲೈಟ್ ಚೂರು, ಬಣ್ಣದ ಪದರ ಮಹಜರಿನಲ್ಲೇ ನಮೂದಾಗಿ, ಮೊಹರಾಗಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿರಬೇಕು. ಮಹಜರಿನಲ್ಲಿ ಇಲ್ಲದ ಚೂರು ಆಮೇಲೆ ಪ್ರತ್ಯಕ್ಷವಾದರೆ ಅದನ್ನು ಪ್ರಶ್ನಿಸಲೇಬೇಕು. ಚಾಲಕನನ್ನು ಮೊದಲು ನೋಡಿರದ ಸಾಕ್ಷಿ, ಗುರುತು ಪತ್ತೆ ಪರೇಡ್ ಇಲ್ಲದೆ, ವರ್ಷಗಳ ನಂತರ ಕೋರ್ಟಿನ ಕಟಕಟೆಯಲ್ಲಿ ನಿಂತವನತ್ತ ಬೊಟ್ಟು ಮಾಡುವುದು ದುರ್ಬಲ ಸಾಕ್ಷ್ಯ. ನಟ ಸಲ್ಮಾನ್ ಖಾನ್ ಅವರ 2002ರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಖುಲಾಸೆ ಮಾಡಿದ್ದು, ಅವರೇ ಓಡಿಸುತ್ತಿದ್ದರು ಎಂಬುದು ಸಂಶಯಾತೀತವಾಗಿ ಸಾಬೀತಾಗಿಲ್ಲ ಎಂಬ ಕಾರಣಕ್ಕೆ. ದೆಹಲಿಯ 1999ರ ಬಿಎಂಡಬ್ಲ್ಯು ಪ್ರಕರಣದಲ್ಲಿ ಗುರುತು ನಿಂತಿತು. ಸುಪ್ರೀಂ ಕೋರ್ಟ್ 2012ರಲ್ಲಿ ಹಳೆಯ ದಂಡ ಸಂಹಿತೆಯ 304ರ ಎರಡನೇ ಭಾಗದಡಿ, ಅಂದರೆ ಮಾನವ ಹತ್ಯೆಯ ಕಲಮಿನಡಿ, ಆರೋಪಿಯನ್ನು ತಪ್ಪಿತಸ್ಥನೆಂದು ಹೇಳಿತು.

ಅಜಾಗರೂಕತೆಯ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ಬರೆಯುವ ಅಪಘಾತ ದೂರುಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’ ಎಂಬ ಸಾಲು ಅಚ್ಚು ಹಾಕಿದಂತೆ ಬರುತ್ತದೆ. ಬರೆದುಕೊಟ್ಟವರು ಎಷ್ಟೋ ಸಲ ಅಪಘಾತ ನೋಡಿಯೇ ಇರುವುದಿಲ್ಲ. ಸುಪ್ರೀಂ ಕೋರ್ಟ್ 1998ರಲ್ಲಿ, ಅದೂ ಕರ್ನಾಟಕದಿಂದಲೇ ಹೋದ ಸತೀಶ್ ಪ್ರಕರಣದಲ್ಲಿ, ‘ಅತಿವೇಗ’ ಸಾಪೇಕ್ಷ ಪದ, ಅದೊಂದರಿಂದಲೇ ಅಜಾಗರೂಕತೆ ಸಾಬೀತಾಗದು ಎಂದಿತು. ಎಷ್ಟು ವೇಗ, ಎಂಥ ರಸ್ತೆ, ಏನು ಅಡ್ಡಿ ಎಂಬುದನ್ನು ಸಾಕ್ಷಿ ಹೇಳಬೇಕು. ಹಾಗೆಯೇ ಬಸ್ಸು ಬರುತ್ತಿರುವುದನ್ನು ನೋಡದೆ ಪಾದಚಾರಿ ಹಠಾತ್ತನೆ ರಸ್ತೆ ದಾಟಿದರೆ ಚಾಲಕ ಎಷ್ಟೇ ನಿಧಾನವಾಗಿದ್ದರೂ ತಪ್ಪಿಸಲಾಗದು ಎಂದು ಮಹಾದೇವ ಹರಿ ಲೋಕ್ರೆ ಪ್ರಕರಣದಲ್ಲಿ ಹೇಳಿದೆ. ಲೈಸೆನ್ಸ್ ಸರಿಯಿಲ್ಲ ಎಂಬುದೊಂದೇ ಕಾರಣಕ್ಕೆ ಸಾವಿಗೆ ಹೊಣೆ ಎನ್ನಲಾಗದು ಎಂಬುದು 1960ರ ದಶಕದ ಸುಲೇಮಾನ್ ರಹಿಮಾನ್ ಮುಲಾನಿ ಪ್ರಕರಣದ ಸಾರ. ಅದಕ್ಕೆ ಪ್ರತ್ಯೇಕ ದಂಡ ಇದ್ದೇ ಇದೆ.

ಈ ತೀರ್ಪುಗಳ ಹೆಸರು ಹೇಳಿದ ಮಾತ್ರಕ್ಕೆ ಖುಲಾಸೆ ಸಿಗುವುದಿಲ್ಲ. ಕೇಸು ನಿಲ್ಲುವುದು ಸ್ಥಳ ಮಹಜರು ಮತ್ತು ಅದರ ಜತೆಗಿನ ಕೈನಕ್ಷೆಯ ಮೇಲೆ. ರಸ್ತೆಯ ಅಗಲ ಎಷ್ಟು, ಡಿಕ್ಕಿಯಾದ ಜಾಗ ಎಡ ಅಂಚಿನಿಂದ ಎಷ್ಟು ಅಡಿ, ಟೈರು ಉಜ್ಜಿದ ಗುರುತು ಎಷ್ಟು ಉದ್ದ ಮತ್ತು ಅದು ಡಿಕ್ಕಿಯ ಜಾಗಕ್ಕಿಂತ ಮುಂಚೆ ಶುರುವಾಗಿದೆಯೋ ಆಮೇಲೋ, ದೀಪದ ಕಂಬ ಎಲ್ಲಿದೆ, ಇವನ್ನೆಲ್ಲ ನಕ್ಷೆಯಲ್ಲಿ ಹುಡುಕಬೇಕು. ಬೈಕು ಬಿದ್ದ ಜಾಗ ಮಣ್ಣಂಚಿನಲ್ಲಿದ್ದರೆ ಚಾಲಕನಿಗೆ ಕಷ್ಟ. ಡಿಕ್ಕಿಯ ಜಾಗ ಬಲಗಡೆಯ ಲೇನಿನ ನಟ್ಟನಡುವೆ, ಡಿವೈಡರ್ ಸೀಳಿನ ಎದುರಿಗೆ ಇದ್ದರೆ ಅಡ್ಡ ಬಂದ ವಾದಕ್ಕೆ ಬಲ. ನಕ್ಷೆಗೆ ಅಳತೆಯೇ ಇಲ್ಲದಿದ್ದರೆ, ಪಂಚರು ಠಾಣೆಯಲ್ಲೇ ಸಹಿ ಹಾಕಿದ್ದೆಂದು ಒಪ್ಪಿಕೊಂಡರೆ, ಮಹಜರಿನ ಬೆಲೆ ಕುಸಿಯುತ್ತದೆ.

ರಾತ್ರಿಯ ಅಪಘಾತದಲ್ಲಿ ಒಂದು ಸಣ್ಣ ಲೆಕ್ಕ ಎರಡೂ ಕಡೆಗೆ ಕತ್ತಿಯಾಗುತ್ತದೆ. 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಅಲ್ಲೇ ಹೋಯಿತು. ಒಣ ಡಾಂಬರಿನಲ್ಲಿ ಗಾಡಿ ನಿಲ್ಲಲು ಇನ್ನೂ ಸುಮಾರು 36 ಮೀಟರ್. ಒಟ್ಟು 70 ಮೀಟರ್ ಹತ್ತಿರ. 60ರಲ್ಲಿ ಇದೇ ಲೆಕ್ಕ 45 ಮೀಟರಿಗೆ ಇಳಿಯುತ್ತದೆ. ಡಿಮ್ ದೀಪದಲ್ಲಿ ಕಪ್ಪು ಬಟ್ಟೆಯ ಪಾದಚಾರಿ ಕಾಣುವುದು ಹೆಚ್ಚೆಂದರೆ 50 ಮೀಟರ್ ಆಸುಪಾಸಿನಲ್ಲಿ. ‘ಕಂಡಾಗ ನಿಲ್ಲಿಸಲು ಜಾಗವೇ ಇರಲಿಲ್ಲ’ ಎಂದು ಚಾಲಕನ ವಕೀಲರು ಈ ಲೆಕ್ಕ ಹೇಳಿದರೆ, ‘ಹಾಗಾದರೆ ದೀಪಕ್ಕೆ ತಕ್ಕ ವೇಗದಲ್ಲಿ ಹೋಗಬೇಕಿತ್ತು’ ಎಂದು ಸರ್ಕಾರಿ ಅಭಿಯೋಜಕರು ಅದನ್ನೇ ತಿರುಗಿಸುತ್ತಾರೆ. ಆದ್ದರಿಂದ ಪಾದಚಾರಿ ಎಷ್ಟು ದೂರದಲ್ಲಿ ರಸ್ತೆಗೆ ಇಳಿದ ಎಂಬ ಸಾಕ್ಷ್ಯವಿಲ್ಲದೆ ಈ ಲೆಕ್ಕವನ್ನು ಮುಂದಿಡುವುದು ಜಾಣತನವಲ್ಲ. ಡ್ಯಾಶ್‌ಕ್ಯಾಮ್ ಇದ್ದರೆ ಕಾರ್ಡನ್ನು ತೆಗೆದು ಹಾಗೇ ಇಡಬೇಕು. ಗಾಡಿ ಓಡುತ್ತಿದ್ದರೆ ಹೊಸ ದೃಶ್ಯ ಹಳೆಯದರ ಮೇಲೆ ಕೂರುತ್ತದೆ.

ಮೋಟಾರು ವಾಹನ ನಿರೀಕ್ಷಕರ ವರದಿ, ಅಂದರೆ ಐಎಂವಿ ರಿಪೋರ್ಟ್, ಸಾಮಾನ್ಯವಾಗಿ ‘ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ’ ಎಂದು ಮುಗಿಯುತ್ತದೆ. ಇದರಿಂದ ಚಾಲಕನ ತಪ್ಪು ಸಾಬೀತಾಯಿತು ಎಂದು ತಿಳಿಯುವವರಿದ್ದಾರೆ. ಬ್ರೇಕು ಸರಿಯಿತ್ತು ಎಂಬುದಷ್ಟೇ ಅದರ ಅರ್ಥ. ಅಲ್ಲಿ ನೋಡಬೇಕಾದ್ದು ಹಾನಿಯ ಪಟ್ಟಿ: ಯಾವ ಭಾಗ, ಹೊಸ ಪೆಟ್ಟೋ ಹಳೆಯದೋ, ತಪಾಸಣೆ ಮಾಡಿದ ದಿನಾಂಕ.

187ರ ಆರೋಪಕ್ಕೆ ಉತ್ತರ ಪೂರ್ತಿ ಕಾಗದದಲ್ಲಿದೆ. ಕರೆ ದಾಖಲೆ, ಬೇರೆ ಠಾಣೆಯ ಹಿಂಬರಹ, ಆಸ್ಪತ್ರೆಯ ನಮೂದು. ಕ್ಯಾಮೆರಾ ದೃಶ್ಯಗಳು ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತವೆ, ಕರೆ ದಾಖಲೆಯನ್ನೂ ಕಂಪನಿಗಳು ಶಾಶ್ವತವಾಗಿ ಇಡುವುದಿಲ್ಲ. ಆದ್ದರಿಂದ ಉಳಿಸಿಡುವಂತೆ ಮೊದಲ ವಾರದಲ್ಲೇ ಬರಹದಲ್ಲಿ ಕೇಳಬೇಕು, ಸುರಕ್ಷಾ ಸಂಹಿತೆಯ 94ರಡಿ ತರಿಸಲು ಕೋರ್ಟಿಗೆ ಅರ್ಜಿ ಹಾಕಬೇಕು. ಉದ್ದನೆಯ ಲಾರಿಯ ಹಿಂದಿನ ಚಕ್ರಕ್ಕೆ ಬೈಕು ತಾಗಿದಂಥ ಸಂದರ್ಭದಲ್ಲಿ ‘ತಾಗಿದ್ದೇ ಗೊತ್ತಾಗಲಿಲ್ಲ’ ಎಂಬ ವಾದ ನಂಬಬಹುದಾದದ್ದು. ಮುಂಗಾಜು ಒಡೆದ ಕಾರಿನವನು ಅದನ್ನು ಹೇಳಿದರೆ ಕೋರ್ಟು ನಗುತ್ತದೆ.

‘ಡ್ರೈವರ್ ಹಾಕುವುದು’

ಓಡಿಸಿದವನಿಗೆ ಡಿಎಲ್ ಇಲ್ಲ, ಅಥವಾ ಹದಿನೇಳರ ಮಗ, ಅಥವಾ ಕುಡಿದಿದ್ದ. ಆಗ ಡಿಎಲ್ ಇರುವ ಇನ್ನೊಬ್ಬನನ್ನು ಠಾಣೆಗೆ ಕಳಿಸಿ ‘ಓಡಿಸಿದ್ದು ಇವನೇ’ ಎನ್ನುವುದು ಗೊತ್ತಿರುವ ಚಾಳಿ. ವಿಮೆಯ ಹಣ ಕೈತಪ್ಪಬಾರದು ಎಂಬುದು ಅದರ ಮೂಲ. ಮಾಲೀಕ ಚಾಲಕನ ಹೆಸರು ಹೇಳಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಸುಳ್ಳು ಹೆಸರು ಕೊಟ್ಟರೆ ನ್ಯಾಯ ಸಂಹಿತೆಯ 217 ಮತ್ತು 238, ಹೆಸರು ಹೊತ್ತುಕೊಂಡವನಿಗೂ ಅದೇ ಪಾಡು. ಮೊದಲಿದ್ದ ಕೇಸು ನಿರ್ಲಕ್ಷ್ಯದ್ದು, ಈಗ ಅದಕ್ಕೆ ಬೇಕೆಂದೇ ಮಾಡಿದ ವಂಚನೆಯ ಕೇಸು ಸೇರಿತು. ಫೋನಿನ ಲೊಕೇಶನ್, ಟೋಲ್ ಕ್ಯಾಮೆರಾ, ಚಾಲಕನ ಸೀಟಿನ ಏರ್‌ಬ್ಯಾಗ್ ಮೇಲಿನ ಗುರುತು, ಇಷ್ಟರಲ್ಲಿ ಒಂದು ಸಾಕು ಬಯಲಾಗಲು. ಅಪ್ರಾಪ್ತನಾಗಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಅಡಿ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು.

ಪರಿಹಾರದ ಕೇಸು ಬೇರೆ ದಾರಿ

ಗಾಡಿ ಪತ್ತೆಯಾಗದೇ ಹೋದರೆ ಸತ್ತವರ ಮನೆಯವರಿಗೆ ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನಡಿ ಎರಡು ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆ ಇದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ವಿಚಾರಣಾಧಿಕಾರಿಗೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಒಂದು ತಿಂಗಳಾದರೂ ಗಾಡಿ ಸಿಗದಿದ್ದರೆ ಈ ಪರಿಹಾರದ ಬಗ್ಗೆ ಪೊಲೀಸರೇ ಮನೆಯವರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಹೇಳಿದೆ. ಗಾಡಿ ಸಿಕ್ಕರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಸತ್ತವರ ವಯಸ್ಸು, ಸಂಪಾದನೆ ನೋಡಿ ಹತ್ತಾರು ಲಕ್ಷ ಸಿಗಬಹುದು. ಎರಡು ಲಕ್ಷಕ್ಕೂ ಈ ಮೊತ್ತಕ್ಕೂ ಇರುವ ಅಂತರವೇ ಇನ್ನೊಂದು ರೋಗಕ್ಕೆ ಕಾರಣ: ಗುದ್ದದ, ಆದರೆ ವಿಮೆ ಇರುವ ಗಾಡಿಯನ್ನು ತಂದು ನಿಲ್ಲಿಸುವುದು. ಹಾಗೆ ಸಿಕ್ಕಿಸಲ್ಪಟ್ಟೆ ಎನ್ನುವ ಮಾಲೀಕ ಮೊದಲು ತರಿಸಬೇಕಾದ್ದು ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್, ಅಂದರೆ ಪೊಲೀಸ್ ಕೇಸಾಗುವ ಗಾಯಗಳನ್ನು ಬರೆದಿಡುವ ಪುಸ್ತಕ. ಗಾಯಾಳುವನ್ನು ಕರೆತಂದವರು ವೈದ್ಯರ ಮುಂದೆ ಮೊದಲ ಸಲ ಹೇಳಿದ್ದು ಅಲ್ಲಿರುತ್ತದೆ. ‘ಬೈಕ್ ಸ್ಕಿಡ್ ಆಗಿ ಬಿದ್ದಿದ್ದು’ ಎಂದು ಅಲ್ಲಿದ್ದು, ವಾರದ ನಂತರದ ದೂರಿನಲ್ಲಿ ಕಾರಿನ ನಂಬರು ಸಮೇತ ಬಂದಿದ್ದರೆ ತಡವಾದದ್ದಕ್ಕೆ ಕಾರಣ ಹೇಳುವ ಹೊಣೆ ದೂರುದಾರರದು.

ಇಲ್ಲಿ ಅನೇಕರು ಕಾಣದ ಒಂದು ಗುಂಡಿ ಇದೆ. ಕೈಕಾಲು ಮುರಿದ ಕೇಸುಗಳಲ್ಲಿ ‘ತಪ್ಪೊಪ್ಪಿಕೊಂಡರೆ ಸಣ್ಣ ದಂಡದಲ್ಲಿ ಮುಗಿಯುತ್ತದೆ, ವರ್ಷಗಟ್ಟಲೆ ಅಲೆದಾಟ ತಪ್ಪುತ್ತದೆ’ ಎಂದು ಕೋರ್ಟ್ ಆವರಣದಲ್ಲಿ ಸಲಹೆ ಸಿಗುತ್ತದೆ. ಕಟ್ಟಿದ ದಂಡ ಸಣ್ಣದೇ. ಆದರೆ ಆ ತಪ್ಪೊಪ್ಪಿಗೆಯ ದೃಢೀಕೃತ ಪ್ರತಿ ನ್ಯಾಯಮಂಡಳಿಗೆ ಹೋಗಿ ಕೂರುತ್ತದೆ, ಅಜಾಗರೂಕತೆಗೆ ಅಲ್ಲಿ ಸಾಮಾನ್ಯವಾಗಿ ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ. ವಿಮೆ ಚಾಲ್ತಿಯಲ್ಲಿದ್ದು ಡಿಎಲ್ ಸರಿಯಿದ್ದರೆ ಕಂಪನಿ ಕಟ್ಟುತ್ತದೆ. ಎರಡರಲ್ಲಿ ಒಂದು ತಪ್ಪಿದ್ದರೂ ಆ ಹಣ ಮಾಲೀಕನ ತಲೆಗೆ ಬರುತ್ತದೆ, ಜಮೀನಿನವರೆಗೂ ಬರುತ್ತದೆ. ಇದರ ತಿರುಗಮುರುಗವೂ ಗೊತ್ತಿರಬೇಕು: ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರೂ ಪರಿಹಾರದ ಕೇಸು ಬೀಳುವುದಿಲ್ಲ. ಅಲ್ಲಿ ಬೇಕಾದ್ದು ಸಂಶಯಾತೀತ ಪುರಾವೆಯಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬುದಷ್ಟೇ.

ಸಾವಿನ ಕೇಸನ್ನು ಮನೆಯವರ ಜತೆ ರಾಜಿ ಮಾಡಿಕೊಂಡು ಮುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಚಾರ್ಜ್‌ಶೀಟ್ ಓದಿದ ಮೇಲೆ ಆರೋಪವೇ ನಿಲ್ಲುವುದಿಲ್ಲ ಎನಿಸಿದರೆ, ದಾಖಲೆಗಳ ಪ್ರತಿ ಕೈಸೇರಿದ 60 ದಿನದೊಳಗೆ ಕೇಸಿನಿಂದಲೇ ಬಿಡುಗಡೆ ಕೋರಿ ಸುರಕ್ಷಾ ಸಂಹಿತೆಯ 262ರಡಿ ಅರ್ಜಿ ಹಾಕಬೇಕು. ಹಳೆಯ ಸಂಹಿತೆಯಲ್ಲಿ ಈ ಗಡುವು ಇರಲಿಲ್ಲವಾದ್ದರಿಂದ ಮರೆಯುವವರೇ ಹೆಚ್ಚು. ವಕೀಲರನ್ನು ಇಡಲು ಶಕ್ತಿಯಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100.

106(2) ಜಾರಿಯಾದರೆ

ಮೊದಲ ಬದಲಾವಣೆ ಜಾಮೀನಿನದು. ಆ ಉಪಕಲಂ ಜಾಮೀನುರಹಿತ. ಸ್ಟೇಷನ್ ಬೇಲ್ ಎಂಬುದು ಅಲ್ಲಿಗೆ ನಿಂತು, ಮೊದಲ ದಿನವೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಎರಡನೆಯದು ಸಮಯದ್ದು: 134ರಲ್ಲಿ 24 ಗಂಟೆ ಎಂದಿದೆ, 106(2)ರಲ್ಲಿ ‘ಘಟನೆಯಾದ ಕೂಡಲೇ’ ಎಂದಿದೆ. ಹನ್ನೆರಡನೇ ಗಂಟೆಗೆ ಠಾಣೆಗೆ ಬಂದವನು ಒಂದು ಕಾನೂನಿನಡಿ ಸರಿ, ಇನ್ನೊಂದರಡಿ ಹತ್ತು ವರ್ಷದ ಆರೋಪಿ ಆಗಬಹುದೇ ಎಂಬುದನ್ನು ಕೋರ್ಟುಗಳೇ ಬಿಡಿಸಬೇಕಾಗುತ್ತದೆ. ಆದರೆ ಜಾರಿಯ ದಿನಾಂಕಕ್ಕೆ ಮುಂಚೆ ಆದ ಯಾವ ಅಪಘಾತಕ್ಕೂ ಅದು ತಟ್ಟುವುದಿಲ್ಲ. ಕೃತ್ಯ ನಡೆದ ದಿನ ಇಲ್ಲದಿದ್ದ ಶಿಕ್ಷೆಯನ್ನು ಹಿಂದಕ್ಕೆ ಎಳೆದು ಹೇರುವುದನ್ನು ಸಂವಿಧಾನದ 20(1)ನೇ ವಿಧಿ ತಡೆಯುತ್ತದೆ. ಈಗ ತುಮಕೂರು, ಸಿರಾ, ಮಧುಗಿರಿ, ತಿಪಟೂರಿನ ಕೋರ್ಟುಗಳಲ್ಲಿರುವ ನಿರ್ಲಕ್ಷ್ಯದ ಸಾವಿನ ಕೇಸುಗಳೆಲ್ಲ ಹಳೆಯ ಎರಡು ವರ್ಷ ಅಥವಾ ಹೊಸ ಐದು ವರ್ಷದ ಅಳತೆಯಲ್ಲೇ ತೀರ್ಮಾನವಾಗುತ್ತವೆ.